ಬೀಜಕ್ಕೆಂದು ಎತ್ತಿಟ್ಟ ಬಿ.ಟಿ. ಹತ್ತಿಕಾಳಿನ ಕುರಿತು

ಧಾರವಾಡ

ಚಿರಂಜೀವಿ ಮಲ್ಲಿಕಾರ್ಜುನನಿಗೆ ನಿನ್ನ ಕಾಕಾನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಅಣ್ಣಿಗೇರಿಯಲ್ಲಿ ನೀವೆಲ್ಲರೂ ಕ್ಷೇಮವೆಂದು ತಿಳಿದು ಸಂತೋಷವಾಯಿತು.

ಈ ಸಲದ ಬಿ.ಟಿ. ಹತ್ತಿಯ ಕಾಳನ್ನು, ಅರಳೆ ಬಿಡಿಸುವ ಜಿನ್ನಿನಿಂದ ಮರಳಿ ತಂದು ಮುಂಗಾರಿಗೆ ಬೀಜಕ್ಕೆಂದು ಎತ್ತಿಟ್ಟಿರುವುದಾಗಿಯೂ, ಎರಡನೆಯ ವರ್ಷಕ್ಕೆ ಬಿ.ಟಿ. ಗುಣ (ಬ್ಯಾಕ್ಟೀರಿಯಾದಿಂದ ತಂದು ಸೇರಿಸಿದ ಜೀನಿನಿಂದ ಗಿಡವೇ ಹುಳುವಿಗೆ ವಿಷ ತಯಾರಿಸುವ ಗುಣ) ಹಾರಿಹೋಗುತ್ತದೆಂದು ಊರವರು ಹೇಳುತ್ತಿರುವುದಾಗಿಯೂ ಬರೆದಿರುವೆ. ಅದನ್ನು ಬಿತ್ತಬೇಡವೆಂಬುದೇ ನನ್ನ ಸಲಹೆ. ಆದರೆ ಊರವರು ಕೊಡುವ ಕಾರಣ ಸರಿಯಲ್ಲ.

ಹೊರಗಿನಿಂದ ಸೇರಿಸಿದ ಜೀನು ವರ್ಣತಂತುವಿನ ಒಂದು ಜಾಗದಲ್ಲಿ ಕೂಡಿಕೊಂಡಿತೆಂದರೆ, ಗಿಡದ ಸ್ವಂತ ಜೀನುಗಳಂತೆಯೇ ಆನುವಂಶಿಕತೆಯ ಕುರಿತ ಮೆಂಡಲನ ನಿಯಮಕ್ಕೆ ಒಳಪಟ್ಟು, ಪರಾಗದ ಮೂಲಕವೂ ಅಂಡಾಣುವಿನ ಮೂಲಕವೂ ಮುಂದಿನ ಪೀಳಿಗೆಗೆ ಸಾಗುತ್ತದೆ. ಅಮೆರಿಕದಲ್ಲಿ ಕೋಕರ್ 312 ಎಂಬ ತಳಿಯ ಒಂದು ಗಿಡಕ್ಕೆ ಸೇರಿದ ಜೀನನ್ನೇ ಮತ್ತೆ ಮತ್ತೆ ಸಂಕರಿಸಿ ನಮ್ಮ ತಳಿಗಳಿಗೆ ತಂದದ್ದು. 2002ರಲ್ಲಿ ಅನುಮತಿ ಪಡೆದ ಹೈಬ್ರಿಡ್‌ಗಳಲ್ಲಿ ಇದ್ದದ್ದೂ ಅದೇ. ಹಾರಿಹೋಗುವ ಜೀನಾಗಿದ್ದರೆ ಅಷ್ಟು ಪೀಳಿಗೆ ದಾಟಿ ನಿನ್ನ ಎರೆ ಹೊಲದವರೆಗೆ ಬರುತ್ತಿರಲಿಲ್ಲ.

ತೊಂದರೆ ಇರುವುದು ಹಂಚಿಕೆಯಲ್ಲಿ. ನಮ್ಮಲ್ಲಿಯ ಬಿ.ಟಿ. ಹೈಬ್ರಿಡ್‌ಗಳಲ್ಲಿ ಸಾಮಾನ್ಯವಾಗಿ ಗಂಡು ಹೆಣ್ಣು ತಳಿಗಳ ಪೈಕಿ ಒಂದರಲ್ಲಿ ಮಾತ್ರ ಬಿ.ಟಿ. ಇರುವುದರಿಂದ, ನೀನು ಬಿತ್ತಿದ ಗಿಡದ ಜೋಡಿ ವರ್ಣತಂತುಗಳಲ್ಲಿ ಒಂದಷ್ಟೇ ಆ ಜೀನನ್ನು ಹೊತ್ತಿರುತ್ತದೆ. ಹತ್ತಿ ಬಹುಪಾಲು ಸ್ವಕೀಯ ಪರಾಗಸ್ಪರ್ಶದ ಬೆಳೆ. ಹೀಗಾಗಿ ಒಂದು ಜೀನಿನ ಲೆಕ್ಕದಲ್ಲಿ ನಾಲ್ಕು ಕಾಳಿಗೆ ಮೂರರಲ್ಲಿ ಅದು ಇದ್ದರೆ ಒಂದರಲ್ಲಿ ಇರುವುದಿಲ್ಲ. 2006ರಿಂದ ಬಂದ ಬೋಲ್ಗಾರ್ಡ್-2 ಎಂಬ ಬಿ.ಟಿ. ಹತ್ತಿಯಲ್ಲಿ ಕ್ರೈ1ಎಸಿ ಮತ್ತು ಕ್ರೈ2ಎಬಿ ಎಂಬ ಎರಡು ಜೀನುಗಳು ಬೇರೆ ಬೇರೆ ಜಾಗದಲ್ಲಿವೆ. ಅಲ್ಲಿ 16 ಕಾಳಿಗೆ 9ರಲ್ಲಿ ಎರಡೂ, 6ರಲ್ಲಿ ಯಾವುದಾದರೂ ಒಂದು, 1ರಲ್ಲಿ ಯಾವುದೂ ಇಲ್ಲ.

ನಾಳೆ ಬಿತ್ತಿದಾಗ ಮಾತ್ರವಲ್ಲ, ಇಂದು ನಿನ್ನ ಗಿಡದ ಮೇಲಿರುವ ಕಾಯಿಯೊಳಗೂ ಈ ಹಂಚಿಕೆ ಆಗಿಯೇ ಇದೆ. ಒಂದು ಹಸಿ ಕಾಯಿಯನ್ನು ಒಡೆದು ನೋಡು: ಒಂದೇ ತೊಳೆಯಲ್ಲಿ ಒತ್ತೊತ್ತಾಗಿ ಕುಳಿತ ಕಾಳುಗಳಲ್ಲಿ ಕೆಲವು ಪೂರ್ಣ ವಿಷವುಳ್ಳವು, ಕೆಲವು ಅರೆಬರೆ, ಕೆಲವು ಸಪ್ಪೆ. ಕಾಳನ್ನೇ ತಿಂದು ಬೆಳೆಯುವ ಗುಲಾಬಿ ಕಾಯಿಕೊರಕ ಹುಳುವಿಗೆ ವಿಷ ತಾಳಲು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ? 2010ರಲ್ಲಿ ಗುಜರಾತಿನಿಂದ ಬಿ.ಟಿ. ವಿಷಕ್ಕೆ ಆ ಹುಳುವಿನ ನಿರೋಧಕತೆಯ ಸುದ್ದಿ ಬಂದ ಮೇಲೆ, ವಿಜ್ಞಾನಿಗಳು ಎಣಿಸಿದ ಕಾರಣಗಳಲ್ಲಿ ಇದೂ ಒಂದು.

ಹಾಗೆಂದು ಸೇರಿಸಿದ ಜೀನು ಎಂದೂ ಕೈಕೊಡುವುದಿಲ್ಲವೆಂದಲ್ಲ. 1990ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಮೆಕ್ಕೆಜೋಳದ ಜೀನು ಸೇರಿಸಿದ ಪೆಟೂನಿಯಾ ಗಿಡಗಳನ್ನು ಸಾವಿರಾರು ಸಂಖ್ಯೆಯಲ್ಲಿ ಹೊಲಕ್ಕೆ ಹಚ್ಚಿದಾಗ, ಕೆಂಪು ಹೂ ಬಿಡಬೇಕಾದ ಹಲವು ಗಿಡಗಳು ದಿನ ಕಳೆದಂತೆ ಬಿಳಿಚಿದವು. ಜೀನು ಅಲ್ಲಿಯೇ ಇತ್ತು; ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಅಂಟಿಕೊಂಡು ಅದರ ಬಾಯಿ ಕಟ್ಟಿದ್ದವು. ಒಂದೇ ಜೀನಿನ ಹಲವು ಪ್ರತಿಗಳು ಸೇರಿಕೊಂಡ ಗಿಡಗಳಲ್ಲಿ ಇಂತಹ ಮೌನ ಹೆಚ್ಚು. ಆದ್ದರಿಂದಲೇ ತಳಿ ಬಿಡುವ ಮುನ್ನ ಹಲವು ಪೀಳಿಗೆ ಬೆಳೆಸಿ, ಜೀನು ಜಾಗ ಬಿಟ್ಟಿಲ್ಲವೆಂದೂ ಕೆಲಸ ನಿಲ್ಲಿಸಿಲ್ಲವೆಂದೂ ಪರೀಕ್ಷಿಸುತ್ತಾರೆ. ಗಿಡಕ್ಕೆ ವಯಸ್ಸಾದಂತೆ ಕ್ರೈ1ಎಸಿ ವಿಷ ಕಡಿಮೆಯಾಗುವುದು ಮಾತ್ರ ಬೇರೆ ಸಂಗತಿ, ಆನುವಂಶಿಕತೆಯ ದೋಷವಲ್ಲ. ಕೊನೆಗೆ ಬಿಡುವ ಹತ್ತಿಕಾಯಿಗೆ ಹುಳು ಬಿದ್ದರೆ ಜೀನು ಓಡಿಹೋಯಿತೆಂದು ತಿಳಿಯಬೇಡ.

ಕಾಳು ಉಳಿಸಿಕೊಂಡರೆ ಕಾನೂನಿನ ಅಡ್ಡಿ ಬಂದೀತೆಂದೂ ಹೆದರಿರುವೆ. ತನ್ನ ಹೊಲದ ಬೀಜವನ್ನು ಉಳಿಸಿ ಬಿತ್ತುವ ಹಕ್ಕನ್ನು 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನಿಗೆ ಕೊಟ್ಟಿದೆ. ಕಂಪನಿಯ ಪರವಾಗಿ ನಾನು ಬೇಡವೆನ್ನುತ್ತಿಲ್ಲ. ಎರಡನೆಯ ಪೀಳಿಗೆಯಲ್ಲಿ ಬಿ.ಟಿ. ಹಂಚಿಹೋಗುವಂತೆಯೇ ಹೈಬ್ರಿಡ್‌ನ ಕಸುವೂ ಒಡೆದು, ಗಿಡಗಳು ಎತ್ತರ ತಗ್ಗಾಗಿ, ಇಳುವರಿ ಕುಸಿಯುತ್ತದೆ. ಸ್ವಂತ ಬೀಜದ ಆಸೆಯಿದ್ದರೆ ಹಿಂಗಾರಿಗೆ ಜಯಧರ ಎಂಬ ದೇಶಿ ಹತ್ತಿ ಹಾಕು. ಅದರ ವರ್ಣತಂತುಗಳು 26, ನಿನ್ನ ಬಿ.ಟಿ. ಹತ್ತಿಯವು 52; ಪಕ್ಕದ ಹೊಲದ ಪರಾಗ ಹಾರಿ ಬಿದ್ದರೂ ಬೆರೆಯುವುದು ತೀರ ಅಪರೂಪ.

ಎತ್ತಿಟ್ಟ ಕಾಳನ್ನು ಮಳೆಗಾಲದವರೆಗೆ ಚೀಲದಲ್ಲಿಯೂ ಇಡಬೇಡ. ಒಂದಕ್ಕೊಂದು ಅಂಟಿಕೊಂಡ ಜೋಡಿ ಕಾಳು ಕಂಡರೆ ಸೀಳಿ ನೋಡು, ಒಳಗೆ ಗುಲಾಬಿ ಹುಳು ಮಲಗಿರಬಹುದು. ಮುಂಗಾರಿಗೆ ಪತಂಗವಾಗಿ ಎದ್ದು ಹೊಸ ಬೆಳೆಗೆ ಹೋಗುವುದು ಅದೇ. ಎಮ್ಮೆಗೆ ಬೇಕಾದಷ್ಟನ್ನು ನೆನೆಹಾಕಿ ಬೇಗ ಮುಗಿಸಿ, ಉಳಿದದ್ದನ್ನು ಎಣ್ಣೆ ಮಿಲ್ಲಿಗೆ ಕಳಿಸಿಬಿಡು.

ಇಂತಿ,
ನಿನ್ನ ಕಾಕಾ