ಮೊದಲು ಅಳತೆ, ಆಮೇಲೆ ಅನೋಡ್: ನಮ್ಮ ದೋಣಿ ಮಾಲೀಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳಿಂದ ನಮ್ಮ ಯಾರ್ಡಿನಲ್ಲಿ ಒಂದು ಕೆಲಸದ ಕ್ರಮ ಬದಲಾಗುತ್ತಿದೆ. ದೋಣಿ ಮೇಲೆತ್ತಿದ ಕೂಡಲೇ ಹಳೇ ಅನೋಡ್ (ದೋಣಿಯ ಉಳಿದ ಲೋಹವನ್ನು ಕಾಪಾಡಲು ತಾನೇ ಕರಗುವ ಲೋಹದ ತುಂಡು) ಬಿಚ್ಚಿ, ಹೊಸದು ಕೂರಿಸಿ ಕಳಿಸುವುದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಮೇಲೆ ದೋಣಿ ನೀರಿನಲ್ಲಿ ಇರುವಾಗಲೇ ಮೀಟರ್ ಇಟ್ಟು ನೋಡುತ್ತೇವೆ. ಎಲ್ಲಾದರೂ ಕರೆಂಟ್ ಸೋರುತ್ತಿದ್ದರೆ ಅದನ್ನು ನಿಲ್ಲಿಸಿದ ಮೇಲೆಯೇ ಹೊಸ ಅನೋಡ್. ಇದರ ಜೊತೆಗೆ, ಉಪ್ಪು ನೀರಿನ ದೋಣಿಗಳಿಗೆ ಸತುವಿನ ಬದಲು ಅಲ್ಯೂಮಿನಿಯಂ ಮಿಶ್ರಲೋಹದ ಅನೋಡ್ ಹಾಕುತ್ತೇವೆ.

"ಇಷ್ಟು ದಿನ ಚೆನ್ನಾಗೇ ನಡೀತಿತ್ತಲ್ಲ, ಈಗೇನು ಹೊಸದು?" ಅಂತ ಕೆಲವರು ಆಗಲೇ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೇ ಈ ಪತ್ರ.

ನಮ್ಮಲ್ಲಿಗೆ ಜಾಸ್ತಿ ಬರುವ ದೂರು ಒಂದೇ: "ಅನೋಡ್ ಬೇಗ ಕರಗಿಹೋಗ್ತಿದೆ, ಈ ಸಲ ಇನ್ನೂ ದೊಡ್ಡದು ಹಾಕಿ." ಹಾಕಬಹುದು, ಕಷ್ಟವೇನಿಲ್ಲ. ಆದರೆ ಒಳ್ಳೇ ಅನೋಡ್ ಸುಮ್ನೆ ಬೇಗ ಕರಗುವುದಿಲ್ಲ. ಅದರಿಂದ ಯಾರೋ ಜಾಸ್ತಿ ಕೆಲಸ ತೆಗೆಯುತ್ತಿದ್ದಾರೆ ಅಂತ ಅರ್ಥ. ಆ "ಯಾರೋ" ಯಾರು ಅಂತ ಹುಡುಕದೆ ದೊಡ್ಡದು ಹಾಕುವುದು ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ.

ದೋಣಿಯ ಲೋಹವನ್ನು ನೀರಿನಲ್ಲಿ ತಿನ್ನುವುದು ಮುಖ್ಯವಾಗಿ ಎರಡು. ಒಂದು, ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು, ಅಥವಾ ವೈರಿನಿಂದ ಸೇರಿಕೊಂಡು, ಒಟ್ಟಿಗೆ ನೀರಿನಲ್ಲಿ ಇರುವುದು. ಕಂಚಿನ ಪ್ರೊಪೆಲ್ಲರ್, ಸ್ಟೇನ್‌ಲೆಸ್ ಶಾಫ್ಟ್, ಕಬ್ಬಿಣದ ಚುಕ್ಕಾಣಿ. ಉಪ್ಪು ನೀರಿನ ಜೊತೆ ಸೇರಿ ಇವೇ ಒಂದು ಸಣ್ಣ ಬ್ಯಾಟರಿ ಆಗುತ್ತವೆ. ಅದರಲ್ಲಿ ಬಡಪಾಯಿ ಲೋಹ ಯಾವುದೋ ಅದು ಸವೆಯುತ್ತದೆ. ಸವೆತ ನಿಧಾನ, ವರ್ಷಗಟ್ಟಲೆ ನಡೆಯುತ್ತದೆ. ಅನೋಡ್ ಇರುವುದೇ ಇದಕ್ಕೆ. ಎಲ್ಲಕ್ಕಿಂತ ಸುಲಭವಾಗಿ ಕರಗುವ ಲೋಹವನ್ನು ನಾವೇ ತಂದು ಕಟ್ಟುತ್ತೇವೆ, ಉಳಿದವು ಬದುಕಿಕೊಳ್ಳುತ್ತವೆ.

ಇದು ಹಳೇ ಕಾಲದ ತಲೆನೋವು. 1761ರಲ್ಲಿ ಬ್ರಿಟಿಷ್ ನೌಕಾಪಡೆ ಅಲಾರ್ಮ್ ಅನ್ನುವ ಮರದ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊಡೆಸಿತು. ಸುಮಾರು ಎರಡು ವರ್ಷಕ್ಕೆ ತೆಗೆದು ನೋಡಿದರೆ, ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ಕೆಲವು ಮೊಳೆಗಳು ಮಾತ್ರ ಗಟ್ಟಿಯಾಗಿ ಉಳಿದಿದ್ದವು. ತಗಡು ಸುತ್ತಿಕೊಂಡು ಬಂದಿದ್ದ ಕಂದು ಕಾಗದ ಆ ಜಾಗದಲ್ಲಿ ಹಾಗೇ ಸಿಕ್ಕಿಕೊಂಡಿತ್ತು, ಎರಡು ಲೋಹ ತಾಗದಂತೆ ತಡೆದಿತ್ತು. ಇವತ್ತು ನಾವು ಅಲ್ಯೂಮಿನಿಯಂ ಮೇಲೆ ಸ್ಟೇನ್‌ಲೆಸ್ ಬೋಲ್ಟ್ ಕೂರಿಸುವಾಗ ನಡುವೆ ಪ್ಲಾಸ್ಟಿಕ್ ವಾಷರ್ ಹಾಕುತ್ತೇವಲ್ಲ, ಅದೂ ಆ ಕಾಗದದ ಕೆಲಸವನ್ನೇ ಮಾಡುತ್ತದೆ.

ಎರಡನೆಯದು ನಿಜವಾದ ಕಳ್ಳ. ನಿಮ್ಮ ದೋಣಿಯ ಬ್ಯಾಟರಿ ಕರೆಂಟೇ ದಾರಿ ತಪ್ಪಿ ನೀರಿಗೆ ಇಳಿಯುವುದು. ಲೋಹಗಳ ನಡುವೆ ತಾನಾಗಿ ಹುಟ್ಟುವ ವೋಲ್ಟೇಜ್ ಒಂದು ವೋಲ್ಟಿನ ಆಸುಪಾಸು, ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ. ಬ್ಯಾಟರಿಯದು 12, ಕೆಲವು ದೋಣಿಗಳಲ್ಲಿ 24. ವರ್ಷಗಳಲ್ಲಿ ಆಗುವ ಹಾನಿ ವಾರಗಳಲ್ಲಿ, ಕೆಲವೊಮ್ಮೆ ದಿನಗಳಲ್ಲೇ ಆಗಿಹೋಗಬಹುದು. ಲೆಕ್ಕ ನೋಡಿ: ಒಂದೇ ಒಂದು ಆಂಪಿಯರ್ ಕರೆಂಟ್ ಕಬ್ಬಿಣದಿಂದ ನೀರಿಗೆ ವರ್ಷವಿಡೀ ಹರಿದರೆ ಸುಮಾರು 9 ಕಿಲೋ ಕಬ್ಬಿಣ ಕರಗುತ್ತದೆ. ಅದರ ಹತ್ತನೇ ಒಂದು ಪಾಲು, ಅಂದರೆ ಒಂದು ಪುಟ್ಟ ಬಲ್ಬಿಗೆ ಬೇಕಾಗುವಷ್ಟು ಸೋರಿಕೆ, ತಿಂಗಳಿಗೆ ಸುಮಾರು 75 ಗ್ರಾಂ ತಿನ್ನುತ್ತದೆ. ಅದೂ ಇಡೀ ತಳದಿಂದ ಸಮನಾಗಿ ಅಲ್ಲ, ಒಂದೇ ಜಾಗದಿಂದ. ನೀರು ಒಳಗೆ ನುಗ್ಗುವುದಕ್ಕೆ ಅಷ್ಟು ಸಾಕು.

ಎಲ್ಲಿಂದ ಸೋರುತ್ತದೆ? ನಾವು ನೋಡುವ ಹತ್ತರಲ್ಲಿ ಹೆಚ್ಚಿನವು ದೋಣಿಯ ತಳದ ಪಂಪಿನ ಹತ್ತಿರವೇ. ಪಂಪಿನ ಪಾಸಿಟಿವ್ ವೈರನ್ನು ಯಾರೋ ಹಿಂದೆ ಕೈಯಲ್ಲಿ ತಿರುಚಿ, ಟೇಪ್ ಸುತ್ತಿ ಬಿಟ್ಟಿರುತ್ತಾರೆ. ತಳದಲ್ಲಿ ನಿಂತ ನೀರಿನಲ್ಲಿ ಆ ಟೇಪಿನ ಅಂಟು ಬಿಟ್ಟುಹೋಗುತ್ತದೆ. ಬಿಚ್ಚಿ ನೋಡಿದರೆ ಒಳಗಿನ ತಾಮ್ರದ ಎಳೆಗಳು ಹಸಿರು ಪುಡಿಯಾಗಿರುತ್ತವೆ, ಬೆರಳಲ್ಲಿ ಉಜ್ಜಿದರೆ ಉದುರುತ್ತವೆ. ಪಂಪ್ ಮಾತ್ರ ಓಡುತ್ತಲೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಕರೆಂಟ್ ಆ ಜಾಯಿಂಟಿನಿಂದ ನಿಂತ ನೀರಿಗೆ, ಅಲ್ಲಿಂದ ಪಕ್ಕದಲ್ಲಿ ತಳದ ತೂತಿಗೆ ಕೂರಿಸಿದ ಕಂಚಿನ ವಾಲ್ವಿಗೆ, ವಾಲ್ವಿನಿಂದ ಹೊರಗಿನ ನೀರಿಗೆ ಹೋಗಿ, ಪ್ರೊಪೆಲ್ಲರ್ ಮತ್ತು ಶಾಫ್ಟ್ ಮೂಲಕ ಎಂಜಿನ್‌ಗೆ, ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಬರುತ್ತದೆ. ಲೋಹ ಕರಗುವುದು ಕರೆಂಟ್ ಲೋಹ ಬಿಟ್ಟು ನೀರಿಗೆ ಇಳಿಯುವ ಜಾಗದಲ್ಲಿ, ಅಂದರೆ ಈ ವಾಲ್ವಿನ ಹೊರಮೈಯಲ್ಲಿ. ಪ್ರೊಪೆಲ್ಲರ್ ಹೊಸದರಂತೆ ಹೊಳೆಯುತ್ತಾ ಕೂತಿರುತ್ತದೆ! ಪ್ರೊಪೆಲ್ಲರ್ ಚೆನ್ನಾಗಿದೆ ಅಂತ ನೆಮ್ಮದಿಯಾಗಿ ಇರಬೇಡಿ ಅಂತ ನಾವು ಪದೇ ಪದೇ ಹೇಳುವುದು ಇದಕ್ಕೇ.

ಶಾಫ್ಟಿಗೆ ಕಟ್ಟಿದ ಅನೋಡ್ ಈ ವಾಲ್ವನ್ನು ಕಾಪಾಡುವುದಿಲ್ಲ. ಹಿಂದೆ 12 ವೋಲ್ಟ್ ನಿಂತು ನೂಕುತ್ತಿರುವಾಗ ಅನೋಡಿನ ಒಂದು ವೋಲ್ಟಿನ ಆಟ ಎಲ್ಲಿ ನಡೆಯುತ್ತದೆ? ಅದಕ್ಕೇ ಮೊದಲು ಅಳತೆ.

ಅಳತೆ ಹೀಗೆ ಮಾಡುತ್ತೇವೆ. ಬೆಳ್ಳಿ ಮತ್ತು ಬೆಳ್ಳಿ ಕ್ಲೋರೈಡಿನ ಒಂದು ಸಣ್ಣ ಕಡ್ಡಿಯನ್ನು ದೋಣಿಯ ಪಕ್ಕದ ನೀರಿಗೆ ಇಳಿಬಿಡುತ್ತೇವೆ. ಅದರ ವೈರ್ ಮಲ್ಟಿಮೀಟರಿಗೆ. ಮೀಟರಿನ ಇನ್ನೊಂದು ತುದಿಯನ್ನು ಶಾಫ್ಟ್, ವಾಲ್ವ್, ಚುಕ್ಕಾಣಿ ಹೀಗೆ ಒಂದೊಂದಕ್ಕೇ ಮುಟ್ಟಿಸುತ್ತಾ ಹೋಗುತ್ತೇವೆ. ಅನೋಡ್ ಕೆಲಸ ಮಾಡುತ್ತಿದ್ದರೆ, ಅದು ಇಲ್ಲದಾಗ ಬರುವ ಅಂಕಿಗಿಂತ ಕನಿಷ್ಠ 200 ಮಿಲಿವೋಲ್ಟ್ ನೆಗೆಟಿವ್ ಕಡೆಗೆ ಸರಿದಿರಬೇಕು. ಉಪ್ಪು ನೀರಿನಲ್ಲಿ ಕಬ್ಬಿಣದ ತಳಕ್ಕೆ ಮೈನಸ್ 800 ಮಿಲಿವೋಲ್ಟ್ ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಭಯವಿಲ್ಲ. ಆಮೇಲೆ ದೋಣಿಯ ಒಂದೊಂದೇ ಸ್ವಿಚ್ ಹಾಕುತ್ತೇವೆ: ಪಂಪ್, ದೀಪ, ರೇಡಿಯೋ. ಯಾವ ಸ್ವಿಚ್ಚಿಗೆ ಅಂಕಿ ಜಿಗಿಯುತ್ತದೋ ಕಳ್ಳ ಆ ವೈರಿನಲ್ಲಿದ್ದಾನೆ.

ಇದರಲ್ಲಿ ಒಂದು ಭಾಗ ನೀವೇ ಮಾಡಿಕೊಳ್ಳಬಹುದು. ಎಲ್ಲ ಉಪಕರಣ ಆಫ್ ಮಾಡಿ, ಮೇನ್ ಸ್ವಿಚ್ ಮಾತ್ರ ಆನ್ ಇಟ್ಟು, ಬ್ಯಾಟರಿಯ ಪಾಸಿಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಮೀಟರನ್ನು ಆಂಪಿಯರ್‌ನಲ್ಲಿ ಇಡಿ. ದೊಡ್ಡ ರೇಂಜಿನಿಂದ ಶುರು ಮಾಡಿ, ಇಲ್ಲದಿದ್ದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಮೀಟರ್ ಹೀಗಿರುವಾಗ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ರೇಡಿಯೋದ ಮೆಮೊರಿಗೆ, ಪಂಪಿನ ಆಟೋಮ್ಯಾಟಿಕ್ ಸ್ವಿಚ್ಚಿಗೆ ಕೆಲವು ಮಿಲಿ ಆಂಪಿಯರ್ ಹೋಗಬಹುದು. ಅದಕ್ಕೂ ಮೀರಿ ಲೆಕ್ಕಕ್ಕೆ ಸಿಗದ ಅಂಕಿ ಬಂದರೆ ನಮಗೆ ಹೇಳಿ.

ದಡದಿಂದ ಕರೆಂಟ್ ಎಳೆದುಕೊಳ್ಳುವವರಿಗೆ ಇನ್ನೊಂದು ಮಾತು. ಆ ಕೇಬಲ್ಲಿನ ಅರ್ತ್ ವೈರ್ ನಿಮ್ಮ ದೋಣಿಯನ್ನು ಪಕ್ಕದ ದೋಣಿಗಳಿಗೆಲ್ಲ ಸೇರಿಸುತ್ತದೆ. ಪಕ್ಕದವರು ಅನೋಡ್ ಬದಲಿಸದೆ ಕೂತಿದ್ದರೆ ನಿಮ್ಮ ಅನೋಡ್ ಅವರ ದೋಣಿಯನ್ನೂ ಕಾಯುತ್ತಿರುತ್ತದೆ, ಪುಕ್ಕಟೆ. ಹಾಗಂತ ಅರ್ತ್ ವೈರ್ ಕತ್ತರಿಸಬೇಡಿ, ಯಾರು ಹೇಳಿಕೊಟ್ಟರೂ ಬೇಡ. ಅದು ಜೀವಕ್ಕೆ ಅಪಾಯ. ಗ್ಯಾಲ್ವಾನಿಕ್ ಐಸೊಲೇಟರ್ ಅಂತ ಒಂದು ಡಬ್ಬಿ ಬರುತ್ತದೆ. ಅದು ಸಣ್ಣ ವೋಲ್ಟೇಜನ್ನು ತಡೆದು, ನಿಜವಾದ ಶಾರ್ಟ್ ಆದಾಗ ಕರೆಂಟನ್ನು ಬಿಟ್ಟುಕೊಡುತ್ತದೆ. ಅದನ್ನೇ ಹಾಕಿಸಿ.

ಈಗ ಅಲ್ಯೂಮಿನಿಯಂ ವಿಷಯ. ಮಾಮೂಲಿ ಅಲ್ಯೂಮಿನಿಯಂ ತುಂಡು ಇದಕ್ಕೆ ಆಗುವುದಿಲ್ಲ, ಅದರ ಮೇಲೆ ಪೊರೆ ಕಟ್ಟಿ ಕೆಲಸ ನಿಲ್ಲುತ್ತದೆ. ಸತು ಮತ್ತು ಚಿಟಿಕೆಯಷ್ಟು ಇಂಡಿಯಂ ಬೆರೆಸಿದ ಮಿಶ್ರಲೋಹವೇ ಬೇಕು. ಇದರ ಒಂದು ಕಿಲೋ ಸುಮಾರು 2500 ಆಂಪಿಯರ್-ಗಂಟೆ (ಕರಗಿ ಮುಗಿಯುವವರೆಗೆ ಕೊಡುವ ಒಟ್ಟು ಕರೆಂಟಿನ ಲೆಕ್ಕ) ಕೊಡುತ್ತದೆ, ಸತು ಕೊಡುವುದು 780ರ ಆಸುಪಾಸು. ತೂಕವೂ ಕಡಿಮೆ. ಸತುವಿನ ಅನೋಡಿನಲ್ಲಿ ಸಾಮಾನ್ಯವಾಗಿ ಸ್ವಲ್ಪ ಕ್ಯಾಡ್ಮಿಯಂ ಇರುತ್ತದೆ, ಅದು ನೀರಿನ ಜೀವಿಗಳಿಗೆ ವಿಷ. ನಮಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಬೇರೆ: ನದೀಮುಖದಲ್ಲಿ, ಅರೆ ಉಪ್ಪು ನೀರಿನಲ್ಲಿ ನಿಲ್ಲುವ ದೋಣಿಗಳಲ್ಲಿ ಸತುವಿನ ಮೇಲೆ ಗಟ್ಟಿ ಪೊರೆ ಕೂತುಬಿಡುತ್ತದೆ. ಮತ್ತೆ ಸಮುದ್ರಕ್ಕೆ ಹೋದರೂ ಅದು ಏಳುವುದಿಲ್ಲ. ಅಲ್ಯೂಮಿನಿಯಂ ಎರಡೂ ಕಡೆ ದುಡಿಯುತ್ತದೆ. ಪೂರ್ತಿ ಸಿಹಿ ನೀರಿನಲ್ಲೇ ಇರುವವರಿಗೆ ಮೆಗ್ನೀಸಿಯಂ ಕೊಡುತ್ತೇವೆ. ಆದರೆ ಅದನ್ನು ಕಟ್ಟಿಕೊಂಡು ಉಪ್ಪು ನೀರಿಗೆ ಹೋಗಬೇಡಿ. ಅದು ನೋಡುನೋಡುತ್ತಲೇ ಕರಗುತ್ತದೆ, ತಳದ ಬಣ್ಣವನ್ನೂ ಎಬ್ಬಿಸುತ್ತದೆ.

ಒಂದೇ ದೋಣಿಯಲ್ಲಿ ಸತು, ಅಲ್ಯೂಮಿನಿಯಂ ಎರಡೂ ಬೇಡ. ಹಾಗೆ ಮಾಡಿದರೆ ಅಲ್ಯೂಮಿನಿಯಂ ಅನೋಡ್ ಸತುವನ್ನೇ ಕಾಪಾಡುತ್ತಾ ತಾನು ಮೊದಲು ಮುಗಿಯುತ್ತದೆ. ಅದಕ್ಕೇ ಬದಲಿಸಿದರೆ ಎಲ್ಲವನ್ನೂ ಒಟ್ಟಿಗೇ ಬದಲಿಸುತ್ತೇವೆ.

ಇನ್ನೊಂದು. "ನನ್ನ ಅನೋಡ್ ವರ್ಷವಾದರೂ ಹೊಸದರಂತೆ ಇದೆ" ಅಂತ ಖುಷಿ ಪಡುವವರು ದಯವಿಟ್ಟು ಮೊದಲು ಬನ್ನಿ. ಕರಗದ ಅನೋಡ್ ಕೆಲಸ ಮಾಡುತ್ತಿಲ್ಲ ಅನ್ನುವುದೇ ಹೆಚ್ಚು. ಅದರ ಮೇಲೆ ಬಣ್ಣ ಬಳಿದಿರಬಹುದು, ಬೋಲ್ಟಿನ ಕೆಳಗೆ ತುಕ್ಕು ಇರಬಹುದು, ವೈರ್ ಕಿತ್ತಿರಬಹುದು. ಹಿತ್ತಾಳೆ ಫಿಟಿಂಗ್ ಇದ್ದರೆ ಚಾಕುವಿನ ತುದಿಯಿಂದ ಸ್ವಲ್ಪ ಕೆರೆದು ನೋಡಿ. ಹಳದಿ ಹೊಳಪು ಬಂದರೆ ಸರಿ. ಗುಲಾಬಿ ಬಣ್ಣ ಬಂದು ಪುಡಿ ಪುಡಿಯಾದರೆ ಒಳಗಿನ ಸತು ಹೋಗಿ ಬರೀ ತಾಮ್ರದ ಜಾಳು ಉಳಿದಿದೆ. ಅಂಥ ದೋಣಿಯನ್ನು ನೀರಿಗೆ ಇಳಿಸಬೇಡಿ. ಮರದ ದೋಣಿಯವರು ಉಲ್ಟಾ ತಪ್ಪೂ ಮಾಡಬಾರದು. ಅನೋಡ್ ವಿಪರೀತ ಜಾಸ್ತಿಯಾದರೆ ಕಂಚಿನ ಫಿಟಿಂಗ್ ಸುತ್ತ ಬಿಳಿ ಹುಡಿ ಕಟ್ಟಿ, ಅಲ್ಲಿನ ಕ್ಷಾರಕ್ಕೆ ಮರವೇ ಮೆತ್ತಗಾಗುತ್ತದೆ.

ನಿಮಗೆ ಆಗುವ ತೊಂದರೆ ಇಷ್ಟು: ದೋಣಿ ಮೇಲೆತ್ತುವ ಹಿಂದಿನ ದಿನವೇ ತಂದು ಕಟ್ಟಬೇಕು, ಇಳಿಸಿದ ಮಾರನೇ ದಿನ ಇನ್ನೊಂದು ಅಳತೆಗೆ ನಿಲ್ಲಬೇಕು. ಹೊಸ ಅನೋಡ್ ಪೂರ್ತಿ ಹಿಡಿತಕ್ಕೆ ಬರಲು ಅಷ್ಟು ಹೊತ್ತು ಬೇಕು. ಅಳತೆಗೆ ಬೇರೆ ಬಿಲ್ ಇಲ್ಲ, ಅದು ಅನೋಡ್ ಕೂಲಿಯಲ್ಲೇ ಸೇರಿದೆ. ಸೋರಿಕೆ ಸಿಕ್ಕಿ ವೈರ್ ಬದಲಿಸಬೇಕಾದರೆ ಮೊದಲು ನಿಮ್ಮನ್ನು ಕೇಳುತ್ತೇವೆ. ಬೇಡ ಅಂದರೆ ಒತ್ತಾಯ ಇಲ್ಲ, ಆದರೆ ಅಂಥ ದೋಣಿಗೆ ಹೊಸ ಅನೋಡ್ ಮಾತ್ರ ಹಾಕಿ ಕಳಿಸುವುದಿಲ್ಲ. ಅಂಕಿಗಳನ್ನು ಒಂದು ಕಾರ್ಡಿನಲ್ಲಿ ಬರೆದು ಕೊಡುತ್ತೇವೆ, ಮುಂದಿನ ಸಲ ಬರುವಾಗ ಅದನ್ನು ತನ್ನಿ. ಅರ್ಧ ಸವೆದ ಅನೋಡ್ ಕಂಡರೆ ಪೂರ್ತಿ ಮುಗಿಯಲಿ ಅಂತ ಕಾಯದೆ ಆಗಲೇ ಬನ್ನಿ.

ಈಗಾಗಲೇ ದಿನ ಗೊತ್ತು ಮಾಡಿಕೊಂಡವರಿಗೆ ಫೋನ್ ಮಾಡಿ ಹೊಸ ಸಮಯ ಹೇಳುತ್ತೇವೆ. ತಳದ ಪಂಪಿನ ಹತ್ತಿರ ಕೈ ಹೋಗುವಂತೆ ಸಾಮಾನು ತೆಗೆದಿಟ್ಟು ಬಂದರೆ ಕೆಲಸ ಬೇಗ ಆಗುತ್ತದೆ.

ಇಂತಿ,
ಯಾರ್ಡಿನ ಎಲ್ಲ ಕೆಲಸಗಾರರ ಪರವಾಗಿ