ಸ್ಟೋ ತೋಟಕ್ಕೆ ಹೋಗುವ ಮೊದಲು

ಪ್ರಿಯ ಪೋಷಕರೇ, ನಮಸ್ಕಾರ.

ಮುಂದಿನ ತಿಂಗಳ ಎರಡನೇ ಭಾನುವಾರ ನಮ್ಮ ಕನ್ನಡ ಶಾಲೆಯಲ್ಲಿ ಪಾಠ ಇರುವುದಿಲ್ಲ. ಮಕ್ಕಳನ್ನು ಬಕಿಂಗ್‌ಹ್ಯಾಮ್ ಊರಿನ ಹತ್ತಿರದ ಸ್ಟೋ ಎಂಬ ದೊಡ್ಡಮನೆಯ ತೋಟಕ್ಕೆ ಕರೆದುಕೊಂಡು ಹೋಗುತ್ತೇವೆ. "ಕನ್ನಡ ಶಾಲೆಗೂ ಇಂಗ್ಲಿಷ್ ದೊಡ್ಡಮನೆಗೂ ಏನು ಸಂಬಂಧ ಮೇಡಂ?" ಎಂದು ಒಬ್ಬ ತಂದೆ ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ಈಗಿನ ಮನೆ ಶುರುವಾಗಿದ್ದು 1670ರ ದಶಕದಲ್ಲಿ. ಕಟ್ಟಿಸಿದವರ ಮನೆತನದ ಹೆಸರು ಟೆಂಪಲ್. ಹೆಸರಿಗೆ ತಕ್ಕಂತೆ ತೋಟದ ತುಂಬ ಗುಡಿಯಂಥ ಮಂಟಪಗಳು, ಪೂಜೆ ಮಾತ್ರ ಇಲ್ಲ! 1741ರಲ್ಲಿ ಇಲ್ಲಿ ತೋಟದ ಮೇಸ್ತ್ರಿಯಾಗಿ ಬಂದವನು ಮುಂದೆ 'ಕೇಪಬಿಲಿಟಿ' ಬ್ರೌನ್ ಎಂಬ ಹೆಸರಾಂತ ತೋಟ ವಿನ್ಯಾಸಕನಾದ. ಗ್ರೀಷಿಯನ್ ವ್ಯಾಲಿ ಎಂಬ ಹಸಿರು ತಗ್ಗನ್ನು ನೋಡಿದರೆ ದೇವರೇ ಮಾಡಿಟ್ಟಂತೆ ಇದೆ. ಅದು ಆಳುಗಳು ಗುದ್ದಲಿ ಹಿಡಿದು ಅಗೆದು, ಮಣ್ಣು ಹೊತ್ತು ಮಾಡಿದ್ದು.

ಮರಗಳ ನಡುವೆ ಒಂದು ಹಳೆಯ ಚರ್ಚ್ ಅಡಗಿದೆ. ಬ್ರೌನ್ ಮದುವೆಯಾಗಿದ್ದು ಅಲ್ಲೇ, 1744ರಲ್ಲಿ. ಚರ್ಚ್ ಸುತ್ತ ಮೊದಲು ಸ್ಟೋ ಎಂಬ ಹಳ್ಳಿಯೇ ಇತ್ತು. ತೋಟ ಬೆಳೆಯುತ್ತಾ ಹೋದಂತೆ ಹಳ್ಳಿ ಹೋಯಿತು, ಚರ್ಚ್ ಉಳಿಯಿತು. ಮಂಟಪಗಳಿಗಿಂತ ಜಾಸ್ತಿ ಹೊತ್ತು ಮಕ್ಕಳು ಇಲ್ಲಿ ನಿಲ್ಲಲಿ ಅಂತ ನನ್ನ ಆಸೆ.

ಆಮೇಲೆ ಸಾಲ. ಮನೆಯ ಒಡೆಯ, ಬಕಿಂಗ್‌ಹ್ಯಾಮಿನ ಎರಡನೇ ಡ್ಯೂಕ್, ದಿವಾಳಿಯಾಗಿ, 1848ರಲ್ಲಿ ಮನೆಯ ಸಾಮಾನು 40 ದಿನ ಹರಾಜಾಯಿತು. ಅವನ ಮಗ, ಮೂರನೇ ಡ್ಯೂಕ್, 1875ರಿಂದ 1880ರವರೆಗೆ ಮದ್ರಾಸಿನ ಗವರ್ನರ್. ಅಂದರೆ ನಮ್ಮಜ್ಜಿಯರು ಹೇಳುತ್ತಿದ್ದ ಧಾತು ಈಶ್ವರ ಬರದ (1876-78) ಕಾಲದಲ್ಲಿ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಅಲ್ವಾ? ಬರದ ಕೂಲಿಯವರಿಂದ ಮದ್ರಾಸ್ ಊರೊಳಗೆ ಅಗೆಸಿದ ಕಾಲುವೆ ಸೇರಿದ ಜಲಮಾರ್ಗಕ್ಕೆ ಈ ಡ್ಯೂಕನ ಹೆಸರು, ಬಕಿಂಗ್‌ಹ್ಯಾಮ್ ಕಾಲುವೆ. ಚೆನ್ನೈಯಲ್ಲಿ ಈಗಲೂ ಇದೆ. ಅಲ್ಲೂ ಗುದ್ದಲಿ, ಇಲ್ಲೂ ಗುದ್ದಲಿ. ಕೇಳಿದವರಿಗೆ ಇದೇ ನನ್ನ ಉತ್ತರ.

1923ರಿಂದ ಮನೆ ಒಂದು ಶಾಲೆ. ಮೊದಲ ದಿನ ಬಂದವರು 99 ಹುಡುಗರು. ತೋಟವನ್ನು ಈಗ ಹಳೆಯ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ದನಕುರಿ ಒಳಗೆ ಬರದಂತೆ, ಬೇಲಿ ಕಣ್ಣಿಗೆ ಬೀಳದಂತೆ, ತೋಟದ ಅಂಚಿನಲ್ಲಿ ಕಂದಕ ತೋಡಿದ್ದಾರೆ. ಅದಕ್ಕೆ 'ಹಾ-ಹಾ' ಎಂದೇ ಹೆಸರು. ದೂರದಿಂದ ಕಾಣುವುದಿಲ್ಲ, ಓಡುವ ಮಕ್ಕಳಿಗೆ ಮೊದಲೇ ಹೇಳಿಡಿ. ಕೆಸರಿಗೆ ತಡೆಯುವ ಬೂಟು ಹಾಕಿಸಿ, ಚಿತ್ರಾನ್ನವೋ ಮೊಸರನ್ನವೋ ಡಬ್ಬಿಯಲ್ಲಿ ಕಳಿಸಿ. ಜೊತೆಗೆ ಬರುವ ಪೋಷಕರು ಶುಕ್ರವಾರದೊಳಗೆ ನನಗೆ ತಿಳಿಸಿ.

ಇಂತಿ,
ಮುಖ್ಯ ಶಿಕ್ಷಕಿ