ಮಳೆ ರಜೆಯನ್ನು ಹಿಂದಿನ ಸಂಜೆಯೇ ಹೇಳಿಬಿಡಿ

ಸಂಪಾದಕರಿಗೆ ನಮಸ್ಕಾರ.

ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಪೇಟೆಯಿಂದ ಒಂಬತ್ತು ಕಿಲೋಮೀಟರ್ ಒಳಗೆ ಮನೆ, ಒಂದೂವರೆ ಎಕರೆ ಅಡಿಕೆ ತೋಟ, ಐದನೇ ಕ್ಲಾಸಿನ ಮಗಳು. ನಿಮ್ಮ ಪೇಪರ್ ನಮ್ಮ ಕೈಗೆ ಸಿಗುವುದು ಮಧ್ಯಾಹ್ನದ ಬಸ್ಸಿಗೆ, ಮಳೆ ಜೋರಾದರೆ ಮಾರನೇ ದಿನ. ಆದರೂ ಬರೆಯುತ್ತಿದ್ದೇನೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನಾವು ನಾವೇ ಬೈದುಕೊಂಡು ಸಾಕಾಗಿದೆ.

ಜಿಲ್ಲಾಡಳಿತದವರೇ, ಶಾಲೆಗೆ ಮಳೆ ರಜೆ ಕೊಡುವುದಾದರೆ ಬೆಳಿಗ್ಗೆ ಎಂಟು ಗಂಟೆಗೆ ಹೇಳಬೇಡಿ. ಇಷ್ಟೇ ವಿಷಯ.

ಮೊನ್ನೆ ಪುನರ್ವಸು ಮಳೆಯಲ್ಲಿ ಆದದ್ದು ಕೇಳಿ. ರಾತ್ರಿಯಿಡೀ ಹೊಳವಾಗದೆ ಸುರಿದಿತ್ತು. ಹಿಂದಿನ ದಿನ ಸಂಜೆಯೇ ಕರೆಂಟ್ ಹೋಗಿತ್ತು, ಅದಾಗಿ ನಾಲ್ಕು ಗಂಟೆಗೆ ಮೊಬೈಲ್ ಟವರ್ ಕೂಡ ಮಲಗಿತು. ಮಗಳ ಯೂನಿಫಾರ್ಮನ್ನು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ್ದೆವು, ಹೊಗೆ ವಾಸನೆ, ಸೊಂಟದ ಪಟ್ಟಿ ಇನ್ನೂ ತಣ್ಣಗೆ. ಅದನ್ನೇ ಹಾಕಿಕೊಂಡಳು. ಉಂಬಳ, ಅಂದರೆ ಜಿಗಣೆ, ಹತ್ತದಿರಲಿ ಅಂತ ಕಾಲಿಗೆ ಸುಣ್ಣ, ಎಣ್ಣೆ ಹಚ್ಚಿ, ಕೈ ಹಿಡಿದು, ಹಳ್ಳದ ಮೇಲೆ ಅಡಿಕೆ ಮರದ ದಬ್ಬೆ ಹಾಸಿದ ಕಾಲುಸಂಕ ದಾಟಿಸಿ, ಒಂದು ಕಿಲೋಮೀಟರ್ ನಡೆಸಿ ಟಾರು ರಸ್ತೆಗೆ ಕರೆದುಕೊಂಡು ಹೋದೆ. ಅಲ್ಲಿ ಇನ್ನೂ ಆರು ಮಕ್ಕಳು ನಿಂತಿದ್ದವು. ಅರ್ಧ ಗಂಟೆ ಕಾದ ಮೇಲೆ ಬಸ್ ಬಂತು. ಕಂಡಕ್ಟರ್ ಬಾಗಿಲಿನಿಂದಲೇ, "ಇವತ್ತು ರಜೆ ಅಲ್ವಾ, ನಿಮಗೆ ಗೊತ್ತಾಗ್ಲಿಲ್ವಾ?" ಅಂದರು. ಒಬ್ಬ ಹುಡುಗ ಅಲ್ಲೇ ಕುಣಿದ, ಅದು ಬೇರೆ ವಿಷಯ.

ವಾಪಸ್ ಬಂದಾಗ ನನ್ನ ಎದೆ ಝಲ್ ಅಂದಿತು. ಹೋಗುವಾಗ ಸಂಕದಿಂದ ಒಂದು ಮೊಳ ಕೆಳಗಿದ್ದ ನೀರು ಈಗ ಅಡಿಕೆ ದಬ್ಬೆಗೆ ತಾಗಿಕೊಂಡು ಹೋಗುತ್ತಿತ್ತು. ಅವಳನ್ನು ಎತ್ತಿಕೊಂಡೇ ದಾಟಿದೆ. ಹತ್ತು ವರ್ಷದ ಹುಡುಗಿ, ಅವಳಿಗೆ ನಾಚಿಕೆ, ನನಗೆ ಕಾಲು ನಡುಕ. 2022ರಲ್ಲಿ ಬೈಂದೂರು ಕಡೆ ಎರಡನೇ ಕ್ಲಾಸಿನ ಮಗುವೊಂದು ಶಾಲೆಯಿಂದ ಬರುವಾಗ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದದ್ದು ಎಲ್ಲರಿಗೂ ನೆನಪಿದೆ ಅಂದುಕೊಂಡಿದ್ದೇನೆ. ಸಂಕದ ಜಾಗದಲ್ಲಿ ಸೇತುವೆ ಬೇಕು ಅಂತ ನಾವೂ ಅರ್ಜಿ ಕೊಟ್ಟಿದ್ದೇವೆ, ಅದಕ್ಕೆ ಬೇರೆಯೇ ಕಾಗದ ಬರೆಯಬೇಕು.

ಮಳೆ ಎಷ್ಟು ಬರುತ್ತದೆ ಅಂತ ಹಿಂದಿನ ದಿನವೇ ಹೇಗೆ ಹೇಳುವುದು ಅಂತ ಕೇಳುವವರಿದ್ದಾರೆ. ಹವಾಮಾನ ಇಲಾಖೆ ರೆಡ್, ಆರೆಂಜ್ ಅಂತ ಹಿಂದಿನ ದಿನವೇ ಬಣ್ಣ ಹಚ್ಚಿ ಕೊಡುತ್ತದಲ್ಲ, ಸುಮ್ನೆ ಚಂದಕ್ಕಾ? ಅದನ್ನು ನೋಡಿಕೊಂಡೇ ನಾವು ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವುದು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಲಸಿದ್ದು ಅವತ್ತೇ ಖಾಲಿಯಾಗಬೇಕು, ನಾಳೆಗೆ ಇಟ್ಟರೆ ಕೆಲಸಕ್ಕೆ ಬಾರದು. ಹಾಗಾಗಿ ಮರ ಹತ್ತುವವರಿಗೆ ಬನ್ನಿ, ಬೇಡ ಅಂತ ಹಿಂದಿನ ರಾತ್ರಿಯೇ ಹೇಳಿರುತ್ತೇವೆ. ಎಷ್ಟೋ ಸಲ ಲೆಕ್ಕ ತಪ್ಪಿ ಡ್ರಮ್ಮುಗಟ್ಟಲೆ ದ್ರಾವಣ ಚೆಲ್ಲಿದ್ದೂ ಇದೆ. ರಜೆ ಕೊಟ್ಟ ದಿನ ಬಿಸಿಲು ಬಿದ್ದರೆ ಜನ ಮೀಮ್ ಮಾಡಿ ನಗುತ್ತಾರೆ. ನಗಲಿ ಬಿಡಿ. ಪಾಠ ಹೋಯಿತು ಅಂದರೆ ಶನಿವಾರ ಮಧ್ಯಾಹ್ನವೂ ಕ್ಲಾಸ್ ಮಾಡಿ ತುಂಬಿಸುತ್ತಾರೆ, ನಮ್ಮ ಮೇಷ್ಟ್ರುಗಳು ಅದಕ್ಕೆ ಯಾವತ್ತೂ ಗೊಣಗಿಲ್ಲ.

ಇನ್ನೊಂದು ತೊಂದರೆ ಇಡೀ ಜಿಲ್ಲೆಯನ್ನು ಒಂದೇ ಕಣ್ಣಲ್ಲಿ ನೋಡುವುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೇಲೆ ಮಳೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಅಲ್ಲಿ ಕುಳಿತವರ ಕಿಟಕಿಯಲ್ಲಿ ತುಂತುರು ಕಂಡರೆ ನಮ್ಮಲ್ಲಿ ಆ ಹೊತ್ತಿಗೆ ಗದ್ದೆ ಬಯಲೆಲ್ಲ ನೀರು. ಗ್ರಾಮ ಪಂಚಾಯಿತಿಗಳಲ್ಲಿ ಮಳೆ ಅಳೆಯುವ ಯಂತ್ರ ಕೂರಿಸಿದ್ದಾರಲ್ಲ, ಆ ಲೆಕ್ಕ ನೋಡಿ ಹೋಬಳಿಗೆ ತಕ್ಕಂತೆ ತೀರ್ಮಾನ ಮಾಡಬಹುದು.

ಹೇಳುವ ದಾರಿಯೂ ವಾಟ್ಸ್‌ಆ್ಯಪ್ ಒಂದೇ ಆಗಬಾರದು. ಹೋದ ವರ್ಷದ ಆದೇಶಕ್ಕೆ ಯಾರೋ ತಾರೀಕು ತಿದ್ದಿ ಹರಿಬಿಟ್ಟಿದ್ದನ್ನು ನಂಬಿ ಅರ್ಧ ಊರು ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡಿತ್ತು. ನಮ್ಮ ಅಮ್ಮನ ಹತ್ತಿರ ಸೆಲ್ ಹಾಕುವ ರೇಡಿಯೋ ಇದೆ, ಕರೆಂಟ್ ಇರಲಿ ಇಲ್ಲದಿರಲಿ ಭದ್ರಾವತಿ ಆಕಾಶವಾಣಿ ಮಾತಾಡುತ್ತಲೇ ಇರುತ್ತದೆ. ರಾತ್ರಿ ಅದರಲ್ಲಿ ಒಂದು ಸಾಲು ಓದಿಸಲಿ. ಮತ್ತೆ ಹಾಲ್ಟಿಂಗ್ ಬಸ್ಸುಗಳಿವೆ. ರಾತ್ರಿ ಹಳ್ಳಿಯಲ್ಲೇ ಉಳಿಯುವ ಆ ಬಸ್ಸಿನ ಕಂಡಕ್ಟರಿಗೆ ಒಂದು ಮಾತು ಹೇಳಿ ಕಳಿಸಿದರೆ ದಾರಿಯುದ್ದಕ್ಕೂ ಮನೆ ಮನೆಗೆ ಸುದ್ದಿ ಮುಟ್ಟುತ್ತದೆ, ಉಳಿದವರಿಗೆ ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಗೊತ್ತಾಗುತ್ತದೆ.

ಈಗ ಪುಷ್ಯ ಮಳೆ ಹಿಡಿದಿದೆ, ಆಶ್ಲೇಷ ಇನ್ನೂ ಬಾಕಿ. ನಮ್ಮೂರಿನ ಹಾಲ್ಟಿಂಗ್ ಬಸ್ ತೀರ್ಥಹಳ್ಳಿ ಬಿಡುವುದು ಸಂಜೆ ಆರೂವರೆಗೆ. ಅಷ್ಟರೊಳಗೆ ಹೇಳಿದರೆ ಸಾಕು.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಓದುಗ